ನಡಾವಳಿ

ಶಿಸ್ತು ಸಮಿತಿ ಕೂರುವುದು ತಿಂಗಳ ಎರಡನೇ ಗುರುವಾರ,
ಮೂರನೇ ಮಹಡಿ, ಕುಲಸಚಿವರ ಕೋಣೆಯ ಪಕ್ಕ.
ಲಿಫ್ಟು ಎರಡರವರೆಗೆ ಮಾತ್ರ.
ಅಲ್ಲಿಂದ ಏದುಸಿರು ಬಿಡುತ್ತ ಹತ್ತಬೇಕು,
ವಿಚಾರಿಸುವವರೂ, ವಿಚಾರಣೆಗೆ ಬಂದವರೂ.
ನಾನು ಬೇಗ ಹೋಗಿ ಫ್ಯಾನು ಹಾಕಿಡುತ್ತೇನೆ,
ಬಿಸ್ಕತ್ತಿನ ತಟ್ಟೆ ಎಣಿಸಿಡುತ್ತೇನೆ. ಐದು.
ಆರನೆಯದನ್ನು ಇಡುವ ಪದ್ಧತಿಯಿಲ್ಲ.

ಹುಡುಗನ ಹೆಸರು ಹೊನ್ನೂರಪ್ಪ. ಭೂಗರ್ಭಶಾಸ್ತ್ರ, ಎರಡನೇ ವರ್ಷ.
ದೂರು: ಹಾಸ್ಟೆಲಿನ ಊಟದ ಮನೆಯಲ್ಲಿ, ರಾತ್ರಿ ಎಂಟೂವರೆಗೆ,
ಸಹಪಾಠಿ ತ್ರಿವಿಕ್ರಮನ ಹಣೆಗೆ ಸ್ಟೀಲು ತಟ್ಟೆಯಿಂದ ಹೊಡೆದದ್ದು.
ಮೂರು ಹೊಲಿಗೆ. ಕಂಡವರು ಹದಿನಾಲ್ಕು ಜನ,
ಸಹಿ ಹಾಕಿದವರು ನಾಲ್ವರು.
ತಟ್ಟೆ ನನ್ನ ಬೀರುವಿನಲ್ಲಿದೆ, ಹಳೇ ಪೇಪರಿನಲ್ಲಿ ಸುತ್ತಿ,
ಒಣಗಿದ ಸಾರಿನ ಗೆರೆಯ ಸಮೇತ.

“ಅವನು ಅಂದದ್ದಕ್ಕೆ ಹೊಡೆದೆ” ಅಂದ ಹುಡುಗ.
“ಏನಂದ?” ಕೇಳಿದ್ದು ಗಣಿತದ ಮೇಡಂ, ಸಮಿತಿಗೆ ಹೊಸಬರು.
ಹುಡುಗ ಬಾಯಿ ತೆರೆದ. ಅಧ್ಯಕ್ಷರು ಕೈಯೆತ್ತಿದರು:
“ಅದೆಲ್ಲ ಬೇಡಪ್ಪಾ. ಹೊಡೆದೆಯೋ ಇಲ್ಲವೋ, ಅಷ್ಟು ಹೇಳು.”
ತೆರೆದ ಬಾಯಿ ತೆರೆದೇ ಇತ್ತು.
ಆಚೆ ಮೈಸೂರು ರಸ್ತೆಯ ಮೇಲೆ ಮೆಟ್ರೋ ಹಾದುಹೋಯಿತು,
ಕಿಟಕಿಯ ಗಾಜು ಸಣ್ಣಗೆ ನಡುಗಿತು.
“ಹೊಡೆದೆ.”

ಹದಿನೇಳು ವರ್ಷ ಟೈಪು ಮಾಡಿದ ಬೆರಳು ನನ್ನವು.
ಅರ್ಕಾವತ್ತು, ಒತ್ತಕ್ಷರ, ಎಲ್ಲ ಕಣ್ಣುಮುಚ್ಚಿ.
ತೆರೆದ ಬಾಯಿಗೆ ಕೀಲಿ ಯಾವುದು?
ನಡತೆ ಬೇರೆ, ನಡೆದದ್ದು ಬೇರೆ,
ನಡಾವಳಿ ಬೇರೆ.
ಬರೆದೆ: ವಿದ್ಯಾರ್ಥಿಯು ತಪ್ಪೊಪ್ಪಿಕೊಂಡಿರುತ್ತಾನೆ.

ಅನ್ಯಾಯವಾಯಿತು ಎನ್ನಲಾರೆ. ಹಣೆ ಒಡೆದದ್ದು ನಿಜ.
ತ್ರಿವಿಕ್ರಮನ ತಾಯಿ ಯಲಹಂಕದಿಂದ ಎರಡು ಬಸ್ಸು ಬದಲಿಸಿ ಬಂದು
ನನ್ನ ಮೇಜಿನ ಬಳಿ ನಿಂತು ಕೇಳಿದ್ದು ಒಂದೇ:
“ಕಣ್ಣಿಗೆ ಬಿದ್ದಿದ್ದರೆ?”
ಅದಕ್ಕೂ ನನ್ನಲ್ಲಿ ಕಾಲಂ ಇರಲಿಲ್ಲ.

ಒಂದು ಸೆಮಿಸ್ಟರ್ ಅಮಾನತು, ಎರಡು ಸಾವಿರ ದಂಡ, ಹಾಸ್ಟೆಲ್ ತೆರವು.
ಬಿಸ್ಕತ್ತು ಮುಗಿಯುವುದರೊಳಗೆ.
ಆದೇಶವನ್ನು ಹೊಸದಾಗಿ ಯಾರೂ ಬರೆಯುವುದಿಲ್ಲ.
ಹೋದ ವರ್ಷದ ಪ್ರತಿ ತೆರೆದು ಹೆಸರಳಿಸಿ, ಹೆಸರು ಹಾಕಿ,
ತಾರೀಕು ತಿದ್ದಿ,
ಐದು ಸಹಿ, ಒಂದು ಮೊಹರು.

ಸೋಮವಾರ ಹುಡುಗ ಮತ್ತೆ ಹತ್ತಿ ಬಂದ.
ಕಾಗದ ನನ್ನ ಮುಂದಿಟ್ಟು, ಎರಡನೇ ಪುಟದ ನಡುವೆ ಬೆರಳು ಒತ್ತಿದ:
‘ಸದರಿ ಗವಿಸಿದ್ಧನ ನಡತೆಯು ವಿಶ್ವವಿದ್ಯಾಲಯದ ಘನತೆಗೆ...’
“ಇದು ನಾನಲ್ಲ ಮೇಡಂ.”
ಕಿವಿ ಬಿಸಿಯಾಯಿತು. ವೈಟ್ನರಿಗೆ ಕೈ ಹಾಕಿದೆ.
ಅವನು ಬೆರಳು ತೆಗೆಯಲಿಲ್ಲ.
“ಇವನೇನು ಮಾಡಿದ್ದ?”
ಏನೋ. ನೆನಪಿಲ್ಲ.
“ತಿರುಗಿ ಬಂದನಾ?”

ಅವನು ಹೋದಮೇಲೆ ಬೀರು ತೆಗೆದೆ.
ಗವಿಸಿದ್ಧನ ಕಡತದಲ್ಲಿ ಒಂದು ರಿಜಿಸ್ಟರ್ಡ್ ಲಕೋಟೆ, ಒಡೆಯದ್ದು,
ಮೇಲೆ ಅಂಚೆಯವನ ಕೆಂಪು ಅಕ್ಷರ: ‘ವಿಳಾಸದಾರರು ಇಲ್ಲ’.
ವಿಳಾಸ ನನ್ನದೇ ಕೈಬರಹ.
ಕೋಣೆ ನಲವತ್ತೆರಡು, ವಿದ್ಯಾರ್ಥಿನಿಲಯ.
ತೆರವು ಮಾಡಿಸಿದ ಕೋಣೆಗೇ ಕಳಿಸಿದ್ದೆ,
ತೆರವು ಮಾಡಿಸಿದವನಿಗೆ.
ಒಳಗೆ, ಕೊನೆಯ ಸಾಲಿನಲ್ಲಿ,
ಮರಳಿ ಸೇರಲು ಅರ್ಜಿ ಹಾಕುವ ಗಡುವು ಇತ್ತು.

ಹೊಸ ಪ್ರತಿ ತೆಗೆದೆ. ಮೂರು ಸಲ ಓದಿದೆ.
ಸಂಡೂರು ತಾಲ್ಲೂಕಿನ ವಿಳಾಸ ಹುಡುಕಿ ಲಕೋಟೆಗೆ ಬರೆದೆ.
ಆಮೇಲೆ, ಆಫೀಸು ಖಾಲಿಯಾದಮೇಲೆ,
ನಡಾವಳಿಯ ನಾಲ್ಕನೇ ಕಂಡಿಕೆ ತೆರೆದು
ಒಂದು ಸಾಲು ಸೇರಿಸಿದೆ:
‘ವಿದ್ಯಾರ್ಥಿಯು ಹೇಳಲು ಬಾಯಿ ತೆರೆದನು; ಕೇಳಲಾಗಿರುವುದಿಲ್ಲ.’

ಮತ್ತೆ ಎರಡನೇ ಗುರುವಾರ.
‘ಹಿಂದಿನ ಸಭೆಯ ನಡಾವಳಿಯನ್ನು ಓದಿ ದೃಢೀಕರಿಸಲಾಯಿತು.’
ಯಾರೂ ಓದಲಿಲ್ಲ. ಹಾಳೆ ಕೈಯಿಂದ ಕೈಗೆ ಹೋಯಿತು,
ಚಹಾದ ಕಪ್ಪುಗಳ ನಡುವೆ.
ಗಣಿತದ ಮೇಡಂ ಪೆನ್ನು ಮಾತ್ರ
ನಾಲ್ಕನೇ ಕಂಡಿಕೆಯ ಮೇಲೆ ತಡೆದು ನಿಂತಿತು.
ನನ್ನ ಕಡೆ ನೋಡಲಿಲ್ಲ ಅವರು.
ಸಹಿ ಹಾಕಿದರು.