ಆರದ ಬಣ್ಣ

ಇಸ್ತಪಲಾಪದ ಓಣಿಯಲ್ಲಿ ಬೆಳಗ್ಗೆ ಎಂಟಕ್ಕೇ
ಫೆರ್ಮಿನ್ ಮಾವ ಥಿನ್ನರ್ ಡಬ್ಬಿಯ ಮುಚ್ಚಳ ಮೀಟುತ್ತಾನೆ.
ಮೊದಲು ವಾಸನೆ, ಆಮೇಲೆ ಅವನ ಕೆಮ್ಮು,
ಆಮೇಲೆ ಅಕ್ಷರ.

ಇವತ್ತು ಹಣ್ಣಿನ ರಸದ ಗಾಡಿಯಲ್ಲ, ಟೈರಿನಂಗಡಿಯಲ್ಲ.
ಅಹುಸ್ಕೊ ಬೆಟ್ಟದ ಬುಡದ ಶಾಲೆಗೆ ಐದು ತಗಡಿನ ಬಿಲ್ಲೆ:
ಹಸಿರು, ಹಳದಿ, ಕಿತ್ತಳೆ, ಕೆಂಪು, ನೇರಳೆ.
ಗಾಳಿ ಹೇಗಿದೆಯೋ ಆ ಬಣ್ಣ ಗೇಟಿಗೆ ತೂಗುಹಾಕುತ್ತಾರಂತೆ.
ನೇರಳೆ ಗಟ್ಟಿಯಾಗಿತ್ತು.
ಎರಡು ಲೋಟ ಥಿನ್ನರ್ ಕುಡಿಯಿತು.

"ಗಂಟೆಯಲ್ಲಿ ಆರುತ್ತದೆ" ಎಂದ.

ದೀಪ ಆರುತ್ತದೆ, ಕಾಫಿ ಆರುತ್ತದೆ.
ಬಣ್ಣ ಆರಿದರೆ ಆರಿದ್ದು ಏನು, ಹೋದದ್ದು ಎಲ್ಲಿಗೆ
ಎಂದು ನಲವತ್ತು ವರ್ಷ ಅವನು ಕೇಳಿದವನಲ್ಲ.
ಕೇಳಲು ಕಲಿತವಳು ನಾನು,
ಎರಡು ಬಸ್ಸು ಬದಲಿಸಿ ಹೋಗುವ ಕಾಲೇಜಿನಲ್ಲಿ.

ಮಾವ, ಬಿಸಿಲಿಗೂ ನೀರಾವಿಗೂ ಹುಟ್ಟುವ ಕೂಸೊಂದಿದೆ, ಹೈಡ್ರಾಕ್ಸಿಲ್.
ಒಂದು ಸೆಕೆಂಡೂ ಬಾಳದು. ಅಷ್ಟರಲ್ಲೇ ಹಸಿವು.
ನಿನ್ನ ಥಿನ್ನರಿನ ಉಂಗುರವನ್ನು ಕಚ್ಚುತ್ತದೆ.
ಉಂಗುರ ಬಿಚ್ಚಿಕೊಂಡು ಆಮ್ಲಜನಕವನ್ನು ಹೊತ್ತುಕೊಳ್ಳುತ್ತದೆ,
ಹೊತ್ತದ್ದನ್ನು ಬಸ್ಸಿನ ಹೊಗೆಗೆ ದಾಟಿಸುತ್ತದೆ,
ಹೊಗೆಯನ್ನು ಬಿಸಿಲು ಸೀಳುತ್ತದೆ,
ಸೀಳಿ ಬಂದ ಚೂರು ಓಝೋನ್ ಆಗುತ್ತದೆ.
ಅಷ್ಟು ಹೊತ್ತಿಗೆ ಸತ್ತ ಕೂಸು ಮತ್ತೆ ಹುಟ್ಟಿರುತ್ತದೆ,
ಅದೇ ಹಸಿವಿನಲ್ಲಿ.

"ಎಷ್ಟು ಹೊತ್ತು ಹಿಡಿಯುತ್ತೆ?"
"ಕೆಲವಕ್ಕೆ ಮಧ್ಯಾಹ್ನ ಸಾಕು. ಕೆಲವಕ್ಕೆ ಎರಡು ದಿನ."

ಕುಂಚವನ್ನು ಅಂಗಿಗೆ ಒರೆಸಿ ಮೇಲೆ ನೋಡಿದ.
ಏನೂ ಇರಲಿಲ್ಲ. ಇದ್ದದ್ದು ಕಾಣುವಂಥದ್ದಲ್ಲ.
ಗಾಳಿ ಈಶಾನ್ಯದಿಂದ ಬೀಸುತ್ತಿತ್ತು.
ತಂತಿಯ ಮೇಲಿನ ಅಂಗಿಗಳ ತೋಳೆಲ್ಲ
ಅಹುಸ್ಕೊ ಕಡೆಗೆ ಚಾಚಿದ್ದವು.

"ಕೊನೆಗೆ?"
"ಕೊನೆಗೆ ನೀರು, ಇಂಗಾಲದ ಡೈಆಕ್ಸೈಡ್.
ನೀನು ಉಸಿರು ಬಿಟ್ಟ ಹಾಗೆ, ಅಷ್ಟೆ."
"ಕೊನೆಯಲ್ಲಿ ಸಾಧು, ನಡುವೆ ಗಲಾಟೆ.
ನಮ್ಮಣ್ಣ ಒರಾಸಿಯೊನ ಕಥೆ ಇದು" ಎಂದು ನಕ್ಕ.
ನಕ್ಕವನು ಕೆಮ್ಮಿದ.

ಬಿಲ್ಲೆಗಳನ್ನು ಟ್ರಕ್ಕಿಗೆ ಏರಿಸಿದೆವು. ನೇರಳೆ ಇನ್ನೂ ಜಿಗುಟು.
ಒಂದು ನೊಣ ತನ್ನ ಕಾಲು ಬಿಟ್ಟು ಹಾರಿಹೋಗಿತ್ತು.

ಎರಡು ಗಂಟೆಗೆ ಶಾಲೆ. ಮೈದಾನ ಖಾಲಿ.
ಅಷ್ಟು ಒಳ್ಳೆಯ ಬಿಸಿಲನ್ನು
ಮಕ್ಕಳು ಕಿಟಕಿಯ ಗಾಜಿಗೆ ಮೂಗು ಒತ್ತಿ ನೋಡುತ್ತಿದ್ದರು.
"ಯಾವುದನ್ನು ತೂಗುಹಾಕಲಿ?" ಮಾವ ಕೇಳಿದ.
ಟೀಚರ್ ನಯೇಲಿ ಫೋನು ನೋಡಿ, ಬೆರಳು ತೋರಿದರು.

ಮಗುವನ್ನೆತ್ತಿದ ಹಾಗೆ ನೇರಳೆಯನ್ನು ಎತ್ತಿದ,
ಅಂಚು ಮಾತ್ರ ಹಿಡಿದು.
"ಮುಟ್ಟಬೇಡಿ" ಎಂದ, "ಇನ್ನೂ ಆರಿಲ್ಲ."
ಹತ್ತಿರ ಯಾರೂ ಇರಲಿಲ್ಲ.