ಸಾಲುಮನೆ

ಸ್ವಾನ್ಸಿಯ ಗುಡ್ಡಕ್ಕೆ ಒರಗಿ ನಿಂತ ಮನೆಗಳು
ಒಂದರ ಹೆಗಲಿಗೆ ಇನ್ನೊಂದು, ನಡುವೆ ಒಂದೇ ಗೋಡೆ,
ಈಚೆ ಕೆಮ್ಮಿದರೆ ಆಚೆಯವರಿಗೆ ಎಚ್ಚರ.
ಸಾಲುಮನೆಗಳು.
ಕೊಂಬು ಮುರಿದರೆ ಸಾಲು ಸಾಲವಾಗುತ್ತದೆ,
ಅಷ್ಟೇ ದೂರ.

ಹದಿಮೂರು ನೋಡಿದೆವು ಗೆಥಿನ್ ಮತ್ತು ನಾನು,
ಮದುವೆಗೆ ಹೋಗುವ ಬೂಟು ಹಾಕಿಕೊಂಡು.
ಕಿಟಕಿ ತೆರೆದು ಮುಚ್ಚಿ, ನಲ್ಲಿ ತಿರುಗಿಸಿ,
ಮೂಲೆಯ ಬೂಷ್ಟು ಕಂಡೂ ಕಾಣದ ಹಾಗೆ
"ಎಷ್ಟು ಬೆಳಕು!" ಅಂದೆವು.
ಹದಿಮೂರು ಸಲವೂ ಮಾರನೆಯ ದಿನ ಫೋನಿನಲ್ಲಿ
ಬೆಣ್ಣೆ ಸವರಿದ ದನಿ:
"ನಿಮ್ಮ ಬಗ್ಗೆ ಏನೂ ಇಲ್ಲ, ತಕರಾರು ಅಂಕದ್ದು."

ನನ್ನ ಅಂಕ ನಾನೂರ ಹನ್ನೊಂದು.
ಬೆಳಗಿನ ನಾಲ್ಕಕ್ಕೆ ಬೇಕರಿಯಲ್ಲಿ ಹಿಟ್ಟು ನಾದುತ್ತೇನೆ,
ಏಳು ವರ್ಷ, ಒಂದು ದಿನ ತಡವಿಲ್ಲ.
ಅದಕ್ಕೆ ಅಂಕವಿಲ್ಲ.

ಹದಿನೆಂಟು ತುಂಬಿದ ವಾರ ಅಮ್ಮ
ಕ್ಯಾಟಲಾಗು ಬಿಡಿಸಿ ನನ್ನ ತಟ್ಟೆಯ ಪಕ್ಕ ಇಟ್ಟಳು.
"ಇಲ್ಲೊಂದು ಸಹಿ ಹಾಕೇ ಕೆರಿಸ್,
ನನ್ನ ಹೆಸರು ಅವರಿಗೆ ಹಳಸಿಹೋಗಿದೆ."
ಬಂದದ್ದು ಹಾಸಿಗೆ, ಇಬ್ಬರದು.
ಅವಳಿಗೂ, ಆ ಒಂದು ಚಳಿಗಾಲ ಉಳಿದುಕೊಂಡ
ಬಸ್ ಡ್ರೈವರನಿಗೂ.
ಮೂರು ಕಂತು ಕಟ್ಟಿದಳು.
ನಾಲ್ಕನೆಯದರ ಹೊತ್ತಿಗೆ ಅವನಿರಲಿಲ್ಲ, ದುಡ್ಡಿರಲಿಲ್ಲ,
ಹಾಸಿಗೆ ಇತ್ತು.

ಹಾಸಿಗೆ ಇದ್ದಷ್ಟು ಕಾಲು ಚಾಚು ಅನ್ನುತ್ತಾರೆ.
ಹಾಸಿಗೆಯೇ ಸಾಲದ್ದಾದರೆ?

ಗೆಥಿನ್‌ಗೆ ಇದನ್ನು ಹೇಳಿರಲಿಲ್ಲ.
ಗ್ರಂಥಾಲಯದ ಕಂಪ್ಯೂಟರಿನಲ್ಲಿ, ಬಿಟ್ಟಿ ಅರ್ಧ ಗಂಟೆಯಲ್ಲಿ,
ನನ್ನ ವರದಿ ಅವನೇ ಕೆಳಗೆ ಕೆಳಗೆ ಸರಿಸಿದ.
ಕೆಂಪು ಗೆರೆಯ ಮೇಲೆ ಬೆರಳಿಟ್ಟು ಕೇಳಿದ:
"ಏನು ಕೊಂಡಿದ್ದೆ?"
"ಅಮ್ಮನ ನಿದ್ದೆ" ಅಂದೆ.
ಅವನು ಏನೂ ಅನ್ನಲಿಲ್ಲ.
ಪರದೆಯ ಮೂಲೆಯಲ್ಲಿ ನಿಮಿಷಗಳು ಇಳಿಯುತ್ತಿದ್ದವು.
ಆ ಶನಿವಾರ ತನ್ನ ಡ್ರಮ್ಮುಗಳನ್ನು ಮಾರಿ ಬಂದ,
ಒಂದು ಜೊತೆ ಕೋಲು ಮಾತ್ರ ಉಳಿಸಿಕೊಂಡು.

ಹದಿನಾಲ್ಕನೆಯ ಮನೆಯ ಏಜೆಂಟು ಪೆನ್ನು ಕಚ್ಚಿ ಹೇಳಿದಳು,
ಒಂದು ದಾರಿಯಿದೆ:
ಕರಾರು ಅವನ ಹೆಸರಿಗೆ.
ನನ್ನದು ಕೆಳಗಿನ ಕಾಲಮಿಗೆ,
"ವಾಸಕ್ಕೆ ಅನುಮತಿ ಇರುವವರು."
ನಾಯಿ ಇದ್ದರೆ ಅದನ್ನೂ ಅಲ್ಲೇ ಬರೆಯಬೇಕಂತೆ.
ನಾಯಿ ಇರಲಿಲ್ಲ. ನಾನೊಬ್ಬಳೇ ಇದ್ದೆ ಆ ಕಾಲಮಿನಲ್ಲಿ.

ಕೆಟಲು, ದುಪ್ಪಟಿ, ಎರಡು ಕೋಲು,
ಗ್ಯಾಸಿಗೆ ಮುಂಗಡ ತುಂಬುವ ಕಾರ್ಡು.
ಕರೆಗಂಟೆಯ ಚೀಟಿಯಲ್ಲಿ ಅವನ ಹೆಸರು.
"ಕಂತಿನಲ್ಲಿ ಹಾಸಿಗೆ ತರೋಣ" ಅಂದ, ನಾಲಿಗೆ ಕಚ್ಚಿಕೊಂಡ.
ನೆಲದ ಮೇಲೆ ಮಲಗಿದೆವು.
ನೆಲಕ್ಕೆ ಅಳತೆ ಯಾರೂ ಹೇಳಿಲ್ಲ;
ಚಾಚಿದ ಕಾಲು ಕಿಟಕಿಯ ಗೋಡೆಗೆ ತಾಗಿ
ಬೆಳಗಿನ ತನಕ ತಣ್ಣಗಿತ್ತು.

ಮೂರನೇ ಮಂಗಳವಾರ ಬಾಗಿಲ ಸೀಳಿನಿಂದ ಬಿತ್ತು
ನನ್ನ ಹೆಸರಿನ ಮೊದಲ ಕಾಗದ.
ಮಿಸ್ ಕೆರಿಸ್ ಮೇ ಪ್ರೋಬರ್ಟ್.
ಮನೆ ನಂಬರು, ಬೀದಿ, ಪೋಸ್ಟ್‌ಕೋಡು, ಒಂದೂ ತಪ್ಪಿಲ್ಲ.
ವಸೂಲಿಯವರು.
ಹಾಸಿಗೆಯ ಬಾಬ್ತು, ಬಡ್ಡಿ ಸೇರಿ.

ಗೆಥಿನ್ ಓದಿ, ಮತ್ತೊಮ್ಮೆ ಓದಿ, ನಗತೊಡಗಿದ.
"ಮಾಲೀಕನಿಗೆ ಗೊತ್ತಿಲ್ಲದಿದ್ದರೇನು,
ನೀನು ಇಲ್ಲಿರುವುದು ಇವರಿಗೆ ಗೊತ್ತಲ್ಲ!"
ನನಗೂ ನಗು ಬಂತು, ಆಮೇಲೆ ಅಳು,
ಆಮೇಲೆ ಹಸಿವು.

ತಿಂಗಳಿಗೆ ಹನ್ನೊಂದು ಪೌಂಡಿನಂತೆ ಒಪ್ಪಿಸಿದೆ.
ಕಾಗದವನ್ನು ಮಡಿಸಿ ಗ್ರಂಥಾಲಯಕ್ಕೆ ಒಯ್ದೆ,
ಕಾರ್ಡಿಗೆ ವಿಳಾಸದ ಪುರಾವೆ ಬೇಕಿತ್ತು.
ಆಕೆ ಮೇಲಿನ ಮೂರು ಸಾಲು ಮಾತ್ರ ನೋಡಿ ಮುದ್ರೆ ಒತ್ತಿದಳು,
ಮೂರು ವಾರಕ್ಕೆ ನಾಲ್ಕು ಪುಸ್ತಕ ಕಡ ಕೊಟ್ಟಳು.
ಅಂಕ ಕೇಳಲಿಲ್ಲ.

ಬರುವಾಗ ಸಮುದ್ರದ ಕಡೆಯಿಂದ ಅಡ್ಡಮಳೆ.
ನಾಲ್ಕನ್ನೂ ಕೋಟಿನೊಳಗೆ ತುರುಕಿಕೊಂಡು
ಗುಡ್ಡ ಹತ್ತಿ ಓಡಿದೆ.
ಹಿಂತಿರುಗಿಸಬೇಕಾದದ್ದು ನೆನೆಯಬಾರದು.