ಗಡಿಕಲ್ಲು

ಗೋಲುಗಂಬಕ್ಕೆ ಬಿದಿರು ಸಿಗಲಿಲ್ಲವೆಂದು
ಗಡಿಕಲ್ಲು ಕಿತ್ತು ತಂದರು.
ನಾಲ್ಕು ಕಲ್ಲು, ಎರಡು ಬಂಡಿ, ಒಂದು ರಾತ್ರಿ,
ಹರಪನಹಳ್ಳಿ ದಾರಿಯಲ್ಲಿ ಮೈಸೂರು ಮುಗಿದು
ಮದರಾಸು ಶುರುವಾಗುವ ಕಡೆಯಿಂದ.
ಒಂದು ಮಗ್ಗುಲಿಗೆ 'ಮೈ' ಎಂದು ಕೆತ್ತಿತ್ತಂತೆ,
ಇನ್ನೊಂದು ಮಗ್ಗುಲಿಗೆ 'ಮ'.
ಕಿತ್ತವನು ನಮ್ಮಜ್ಜ, ತಳವಾರ ಗೋಣೆಪ್ಪ.
ಕಾಯಬೇಕಾದವನೂ ಅವನೇ.

ಯುದ್ಧಕ್ಕೆ ಎರಡು ವರ್ಷ ಮೊದಲು, ದಾವಣಗೆರೆಯಲ್ಲಿ,
ಹತ್ತಿ ಅಂಡಿಗೆಗಳು ಮಾರಿಹೋಗಿ ಬರಿದಾದ ಬಯಲಲ್ಲಿ
ಮೂರು ದೇಶದ ಪಂದ್ಯ.
ದೇಶ ಅಂದವನು ರೈಲ್ವೆ ಗಾರ್ಡು ರೊಜಾರಿಯೊ.
ವಿಲಾಯಿತಿ ಕಡೆ ಅಕ್ಕಪಕ್ಕದ ದೇಶಗಳು
ವರ್ಷಕ್ಕೊಮ್ಮೆ ಹೀಗೇ ಕೂಡಿ
ಒದ್ದಾಡಿ ಆಮೇಲೆ ಕೈ ಕುಲುಕುತ್ತವೆಂದು
ಬನ್ನು ಕಟ್ಟಿ ಬಂದ ಪೇಪರಿನಲ್ಲಿ ಓದಿದ್ದ.
ನಮಗೂ ಅಕ್ಕಪಕ್ಕ ಇತ್ತಲ್ಲ:
ಹರಿಹರದ ಹೊಳೆ ದಾಟಿದರೆ ಬೊಂಬಾಯಿ,
ಬಡಗಲಿಗೆ ನಡೆದರೆ ಮದರಾಸು,
ನಿಂತಲ್ಲೇ ನಿಂತರೆ ಮೈಸೂರು.

ಬೊಂಬಾಯಿ ದೇಶ ಪ್ಯಾಸೆಂಜರ್ ಗಾಡಿಯಿಂದ ಇಳಿಯಿತು,
ಒಂಬತ್ತೇ ಜನ. ಇನ್ನಿಬ್ಬರಿಗೆ ಟಿಕೇಟಿನ ದುಡ್ಡಿರಲಿಲ್ಲ,
ಹಳಿ ಹಿಡಿದು ನಡೆದು ಬಂದು
ಸಂಜೆಯ ಆಟಕ್ಕೆ ಕೂಡಿಕೊಂಡರು.
ಮದರಾಸು ದೇಶ ಬಂಡಿಯಲ್ಲಿ ಬಂತು,
ಸಜ್ಜೆರೊಟ್ಟಿ, ಗುರೆಳ್ಳು ಚಟ್ನಿ ಕಟ್ಟಿಕೊಂಡು.
ಬಾವುಟದ ಮಾತು ಬಂದಾಗ ಪೇಚಾಯಿತು:
ಅವರಿಬ್ಬರಿಗೂ ಒಬ್ಬನೇ ರಾಜ, ಒಂದೇ ಬಾವುಟ.
ಒಬ್ಬರಿಗೆ ಹಳದಿ ರುಮಾಲು, ಒಬ್ಬರಿಗೆ ಕೆಂಪು,
ಕಬ್ಬಿನ ಜಲ್ಲೆಗೆ ಕಟ್ಟಿ ನಿಲ್ಲಿಸಿದರು.

ಬೆಳಿಗ್ಗೆ ಮದರಾಸು ಸೋತಿತು.
ಅವರ ಮುಂದಾಳು ಚನ್ನವೀರ,
ನಮ್ಮ ಹಿಂದಾಳು ಮುರಿಗೆಪ್ಪನ ಭಾವ.
ಚೆಂಡು ಕಾಲಲ್ಲಿ, ಗೋಲು ಎದುರಲ್ಲಿ,
'ಹೆಣ್ಣು ತಂದ ಮನಿಯವನಿಗೆ ಹ್ಯಾಂಗ ಒದೀಲೋ?'
ಎಂದು ಕೇಳುತ್ತ ನಿಂತುಬಿಟ್ಟನಂತೆ.
ಮುರಿಗೆಪ್ಪ ಉತ್ತರ ಕೊಡಲಿಲ್ಲ,
ಚೆಂಡು ತಗೊಂಡು ಹೋದ.

ಸಂಜೆ ಮೈಸೂರು, ಬೊಂಬಾಯಿ.
ಜಾಲಿಮುಳ್ಳು ಹೊಕ್ಕು
ಚೆಂಡು ಉಸ್ಸೆಂದು ಕೂತಿತು.
ಬೇರೆ ಚೆಂಡು ಮೂರು ದೇಶದಲ್ಲೂ ಇರಲಿಲ್ಲ.
ಬೊಂಬಾಯಿಯ ಗೋಲಿ ಪಿಂಜಾರ ಖಾಸೀಮ
ಗೋಲು ಬಿಟ್ಟು ಬಂದ. ಬಯಲಲ್ಲಿ ಉದುರಿದ್ದ ಹತ್ತಿ ಆಯ್ದು
ಎಳೆ ಬಿಡಿಸಿ, ಕಸ ತೆಗೆದು,
ಚೆಂಡಿನ ಹೊಟ್ಟೆಗೆ ತುರುಕಿ ದಬ್ಬಣದಲ್ಲಿ ಹೊಲಿದ.
ಎದುರಾಳಿಯ ಚೆಂಡೂ ಅದೇ ಎಂದು
ಯಾರೋ ಕೂಗಿದ್ದಕ್ಕೆ ಹೊಲಿಗೆ ಇನ್ನಷ್ಟು ಬಿಗಿದ.
ಆಮೇಲೆ ಚೆಂಡು ಪುಟಿಯಲಿಲ್ಲ.
ಒದ್ದರೆ ಹೋಗುತ್ತಿತ್ತು, ಬಿದ್ದಲ್ಲೇ ಮಲಗುತ್ತಿತ್ತು,
ಕಾಲುಬೆರಳು ಉಳುಕಿದವರೇ ಏಳು ಮಂದಿ.

ಹೊತ್ತು ಇಳಿದಾಗ ಮುರಿಗೆಪ್ಪ ಒದ್ದ.
ಚೆಂಡು ಎಡಗಲ್ಲಿಗೆ ಬಡಿದು
ಒಳಗೆ ಬಿತ್ತೋ ಹೊರಗೆ ಬಿತ್ತೋ,
ಮಬ್ಬು, ದೂಳು, ಜನ.
ರೊಜಾರಿಯೊ ಸೀಟಿ ಊದಿದ,
ಊದಿದವನೇ ಸ್ಟೇಷನ್ನಿನ ಕಡೆ ಓಡಿದ.
ಗೋಲಿಗೆ ಊದಿದನೋ
ಆರೂ ಹತ್ತರ ಗೂಡ್ಸಿಗೆ ಊದಿದನೋ
ಇವತ್ತಿಗೂ ತಿಳಿದಿಲ್ಲ.

ಹಿತ್ತಾಳೆ ಬಟ್ಟಲು ಯಾರಿಗೂ ಹೋಗಲಿಲ್ಲ,
ನಾನು ಕಂಡಾಗ ಮಂಡಕ್ಕಿ ಭಟ್ಟಿಯಲ್ಲಿ ಅಳತೆಗಿತ್ತು.
ಪಂದ್ಯ ಮತ್ತೆ ನಡೆಯಲಿಲ್ಲ. ಗಾರ್ಡಿಗೆ ವರ್ಗವಾಯಿತು.
ಖಾಸೀಮ, ಮುರಿಗೆಪ್ಪ ಹೇಸರಗತ್ತೆಗಳ ಜೊತೆ
ಬಸರಾಕ್ಕೆ ಹೋದರು, ಒಂದೇ ಹಡಗಿನಲ್ಲಿ.
ಒಬ್ಬ ಬಂದ.

ಕಲ್ಲು ವಾಪಸು ಒಯ್ದ ರಾತ್ರಿ ಅಮಾವಾಸ್ಯೆ.
ಕಿತ್ತ ಕುಣಿಗಳನ್ನು ಯಾರೋ ಉತ್ತುಬಿಟ್ಟಿದ್ದರು.
'ಇಲ್ಲೇ ಇರಬೇಕು' ಎಂದು ಅಜ್ಜ
ಕಣ್ಣಳತೆಯಲ್ಲಿ ನೆಟ್ಟು ಬಂದ.
ಮಾರನೇ ವರ್ಷ ಮೋಜಣಿಯವರು ಸರಪಳಿ ಹಿಡಿದು ಬಂದು
ಲೆಕ್ಕ ಕೂಡದೆ ಮೂರು ದಿನ ಜಗಳಾಡಿದರು,
ನಕಾಶೆ ತಪ್ಪೆಂದು ಬರೆದುಕೊಂಡು ಹೋದರು.
ಕಾಟವ್ವನ ಹುಣಸೆಮರ ಮದರಾಸಿಗೆ ಹೋಯಿತು.
'ಹುಳಿ ಅದೇ ಐತಿ ಬಿಡು' ಅಂದಳಂತೆ.

ಕಡೆಗಾಲದಲ್ಲಿ ಅಜ್ಜನನ್ನು ಕೇಳಿದ್ದೆ,
ಗೋಲು ಆಗಿತ್ತೇನಜ್ಜ, ಖರೇ ಹೇಳು.
ಎಲೆಗೆ ಸುಣ್ಣ ಸವರುತ್ತ ಬಹಳ ಹೊತ್ತು ಕೂತು ಅಂದ:
'ಕಲ್ಲಿಗೆ ಬಡೀತು, ಅಷ್ಟು ನೋಡೀನಿ.
ಕಲ್ಲು ಯಾರದು ಅಂತ
ನೀ ಮೊದಲು ಹೇಳು.'